ಶಿಮ್ಲಾದಲ್ಲಿ ಸಿಟಿ ಬಸ್ಸು: ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು

ಶಿಮ್ಲಾದ ಬಸ್ಸುಗಳು ಗುಡ್ಡವನ್ನು ಬಳಸಿಕೊಂಡು ಅಡ್ಡಡ್ಡ ಓಡುತ್ತವೆ. ಮೇಲೆ ಹತ್ತುವ ಕೆಲಸ ನಿಮ್ಮದು. ಊರು ಸುಮಾರು 2,200 ಮೀಟರ್ ಎತ್ತರದ ಒಂದು ಉದ್ದನೆಯ ಗುಡ್ಡದ ಬೆನ್ನ ಮೇಲಿದೆ. ನೆತ್ತಿಯಲ್ಲಿರುವ ರಿಡ್ಜ್ ಎಂಬ ಬಯಲಿಗೂ ಮಾಲ್ ರೋಡ್ ಎಂಬ ಪೇಟೆ ಬೀದಿಗೂ ಬಸ್ಸು ಬರುವುದಿಲ್ಲ. ದಕ್ಷಿಣದ ಮಗ್ಗುಲಲ್ಲಿ, ಮಾಲ್‌ಗಿಂತ ಸಾಕಷ್ಟು ಕೆಳಗೆ ಬಸ್ಸು ಓಡುವ ಕಾರ್ಟ್ ರೋಡ್ ಇದೆ. ಉತ್ತರದ ಮಗ್ಗುಲಲ್ಲಿ ಬಸ್ಸು ಸಿಗುವುದು ಲಕ್ಕಡ್ ಬಜಾರ್‌ನಲ್ಲಿ. ಮೊಬೈಲ್ ನಕ್ಷೆಯಲ್ಲಿ ಹೋಟೆಲು ಮುನ್ನೂರು ಮೀಟರ್ ದೂರ ಎಂದು ಕಂಡರೂ ಆ ದಾರಿ ಪೂರ್ತಿ ಕಡಿದಾದ ಮೆಟ್ಟಿಲೇ ಆಗಿರಬಹುದು. ಅದಕ್ಕೇ ರೂಮು ಬುಕ್ ಮಾಡುವಾಗ ಕೇಳಬೇಕಾದ ಮೊದಲ ಪ್ರಶ್ನೆ: ಬಸ್ಸು ನಿಲ್ಲುವ ರಸ್ತೆಯಿಂದ ಎಷ್ಟು ಮೆಟ್ಟಿಲು, ಹತ್ತಬೇಕೋ ಇಳಿಯಬೇಕೋ?

ನಮ್ಮ ಕಡೆಯಿಂದ ಹೋಗುವವರು ಹೆಚ್ಚಾಗಿ ಚಂಡೀಗಢದವರೆಗೆ ರೈಲಿನಲ್ಲೋ ವಿಮಾನದಲ್ಲೋ ಹೋಗಿ, ಅಲ್ಲಿ ಸೆಕ್ಟರ್ 43ರ ನಿಲ್ದಾಣದಲ್ಲಿ ಬಸ್ಸು ಹಿಡಿಯುತ್ತಾರೆ. ನಾಲ್ಕು ಗಂಟೆಯಷ್ಟು ದಾರಿ, ಅರ್ಧಕ್ಕಿಂತ ಹೆಚ್ಚು ತಿರುವೇ. ವಾಂತಿಯಾಗುವವರು ಮುಂದಿನ ಸೀಟು ಹಿಡಿಯಲಿ, ಹೊಟ್ಟೆ ತುಂಬಾ ಪರಾಠ ತಿಂದು ಹತ್ತುವುದು ಬೇಡ. ಬಸ್ಸು ನಿಮ್ಮನ್ನು ಇಳಿಸುವುದು ಟೂಟಿಕಂಡಿಯ ಐಎಸ್‌ಬಿಟಿಯಲ್ಲಿ, ಅಂದರೆ ಅಂತರರಾಜ್ಯ ಬಸ್ ನಿಲ್ದಾಣದಲ್ಲಿ. ಇದು ಊರಿನ ಪಶ್ಚಿಮದ ಅಂಚು. ಹೊರಗೆ ಬಂದ ಕೂಡಲೇ ಟ್ಯಾಕ್ಸಿಯವರು ಮುತ್ತಿಕೊಳ್ಳುತ್ತಾರೆ, ಆದರೆ ಅಲ್ಲಿಂದಲೇ ಕಾರ್ಟ್ ರೋಡಿನ ಓಲ್ಡ್ ಬಸ್ ಸ್ಟ್ಯಾಂಡಿಗೆ ಲೋಕಲ್ ಬಸ್ಸು ಮೇಲಿಂದ ಮೇಲೆ ಸಿಗುತ್ತದೆ.

ಹೆಚ್ಚಿನವರು ಎಡವುವುದು ಓಲ್ಡ್ ಬಸ್ ಸ್ಟ್ಯಾಂಡಿನಲ್ಲಿ. ಅಲ್ಲೇ ಇಳಿದು ಲೋವರ್ ಬಜಾರಿನ ಮೆಟ್ಟಿಲು ಹತ್ತಿ ಮಾಲ್ ಸೇರಬಹುದು, ಆದರೆ ಸೂಟ್‌ಕೇಸ್ ಇದ್ದರೆ ಆ ಹತ್ತಿಪ್ಪತ್ತು ನಿಮಿಷ ಪ್ರಾಣ ಹಿಂಡುತ್ತದೆ. ಅದರ ಬದಲು ಛೋಟಾ ಶಿಮ್ಲಾ ಕಡೆಯ ಬಸ್ಸು ಹತ್ತಿ 'ಲಿಫ್ಟ್' ಎಂದು ಟಿಕೆಟ್ ಕೇಳಿ. ಅದು ಸ್ಟಾಪಿನ ಹೆಸರೂ ಹೌದು, ನಿಜವಾದ ಲಿಫ್ಟೂ ಹೌದು. ಪ್ರವಾಸೋದ್ಯಮ ನಿಗಮದ ಈ ಲಿಫ್ಟು ಎರಡು ಹಂತದಲ್ಲಿ ನಿಮ್ಮನ್ನು ಕಾರ್ಟ್ ರೋಡಿನಿಂದ ಮಾಲ್‌ಗೆ ಎತ್ತಿಬಿಡುತ್ತದೆ. ನಡುವೆ ಒಂದು ಓಣಿ ದಾಟಬೇಕು. ಮೇ, ಜೂನ್‌ನಲ್ಲಿ ಉದ್ದನೆಯ ಸಾಲಿರುತ್ತದೆ, ರಾತ್ರಿ ಮುಚ್ಚುತ್ತದೆ. ತಡವಾಗಿ ತಲುಪುವವರಿಗೆ ಸ್ಟ್ಯಾಂಡಿನಲ್ಲಿರುವ ಕೂಲಿಯವರೇ ಗತಿ. ಬೆನ್ನ ಮೇಲೆ ಹೊರೆ ಹೊತ್ತು ಕಡಿದಾದ ಮೆಟ್ಟಿಲೇರುವ ಕೆಲಸ ಅದು. ದರ ಮೊದಲೇ ಮಾತಾಡಿಕೊಳ್ಳಿ, ಆಮೇಲೆ ಜಗ್ಗಬೇಡಿ.

ಕಾರ್ಟ್ ರೋಡಿನಲ್ಲಿ ಯಾವ ಬದಿ ನಿಲ್ಲಬೇಕೆಂಬ ಗೊಂದಲಕ್ಕೆ ಸುಲಭದ ಗುರುತು ಇದೆ. ಪೂರ್ವಕ್ಕೆ, ಅಂದರೆ ಛೋಟಾ ಶಿಮ್ಲಾ, ಸಂಜೌಲಿ ಕಡೆಗೆ ಹೋಗುವ ಬಸ್ಸು ಗುಡ್ಡಕ್ಕೆ ಒತ್ತಿದ ಬದಿಯಲ್ಲಿ ಬರುತ್ತದೆ. ರೈಲ್ವೆ ಸ್ಟೇಷನ್, ಬಾಲೂಗಂಜ್, ಟೂಟಿಕಂಡಿ ಕಡೆಯದು ಕಣಿವೆಯ ಬದಿಯಲ್ಲಿ.

ಸಂಜೌಲಿಗೆ ಎರಡು ದಾರಿ: ದಕ್ಷಿಣದಿಂದ ಛೋಟಾ ಶಿಮ್ಲಾ ಮೇಲೆ, ಉತ್ತರದಿಂದ ಲಕ್ಕಡ್ ಬಜಾರ್ ಮೇಲೆ. ಬೋರ್ಡಿನಲ್ಲಿ 'ಸಂಜೌಲಿ' ಓದಿದ ಕೂಡಲೇ ಹತ್ತಿದರೆ ನಿಮ್ಮ ಸ್ಟಾಪು ಗುಡ್ಡದ ಆಚೆ ಮಗ್ಗುಲಲ್ಲಿ ಉಳಿಯುತ್ತದೆ. 'ಕಿಧರ್ ಸೇ ಜಾಯೇಗಿ?' (ಯಾವ ಕಡೆಯಿಂದ ಹೋಗುತ್ತೆ?) ಎಂದು ಕಂಡಕ್ಟರನ್ನು ಕೇಳಿಯೇ ಹತ್ತಿ. ರಿಡ್ಜ್‌ಗೆ ಹೋಗುವವರಿಗೆ ಲಕ್ಕಡ್ ಬಜಾರ್ ವಾಸಿ, ಅಲ್ಲಿಂದ ಏರು ಕಡಿಮೆ.

ಊರಾಚೆಯ ಪ್ರವಾಸಿ ತಾಣಗಳಾದ ಮಶೋಬ್ರಾ, ನಾಲ್‌ದೇಹ್ರಾ ಬಸ್ಸುಗಳಿಗೂ ಲಕ್ಕಡ್ ಬಜಾರಿನ ಸ್ಟ್ಯಾಂಡಿಗೇ ಹೋಗಿ. ಢಲ್ಲಿ ಸುರಂಗ ದಾಟಿದ ಮೇಲೆ ದಾರಿ ಕವಲೊಡೆಯುತ್ತದೆ: ಒಂದು ಮಶೋಬ್ರಾಕ್ಕೆ, ಇನ್ನೊಂದು ಇನ್ನೊಂದು ಪ್ರವಾಸಿ ತಾಣವಾದ ಕುಫ್ರಿಗೆ. ಕುಫ್ರಿ ಬೋರ್ಡಿಗೇ ಕಾಯಬೇಕಿಲ್ಲ. ಠಿಯೋಗ್, ನಾರ್ಕಂಡಾ ಬಸ್ಸುಗಳೂ ಕುಫ್ರಿ ಮೇಲೆಯೇ ಹೋಗುತ್ತವೆ. ನಿಲ್ಲಿಸುತ್ತಾರಾ ಎಂದು ಹತ್ತುವ ಮೊದಲೇ ಕೇಳಿಕೊಂಡರಾಯಿತು.

1888ರಲ್ಲಿ ಮುಗಿದ ವೈಸ್‌ರಾಯ್ ಬಂಗಲೆ, ಈಗಿನ ಉನ್ನತ ಅಧ್ಯಯನ ಸಂಸ್ಥೆ, ನೋಡಲೇಬೇಕಾದ ಜಾಗ. ಬಾಲೂಗಂಜ್ ಚೌಕದಲ್ಲಿ ಇಳಿದು ಏರು ಹತ್ತಿ. ವಾಪಸು ಬರುವಾಗ ಬಸ್ಸಿಗೆ ಕಾಯದೆ ಚೌಡಾ ಮೈದಾನ್ ಮೇಲಿಂದ ನಡೆದು ಮಾಲ್ ಸೇರಿ. ಶಿಮ್ಲಾದಲ್ಲಿ ಇಷ್ಟು ಹಾಯಾಗಿ ನಡೆಯುವ ದಾರಿ ಅಪರೂಪ. ಜಾಖೂ ಹನುಮಾನ್ ಗುಡಿಗೆ ಸಿಟಿ ಬಸ್ಸು ನೆಚ್ಚಬೇಡಿ. ರಿಡ್ಜ್ ಪಕ್ಕದಿಂದ ರೋಪ್‌ವೇ ಇದೆ, ಇಲ್ಲವೇ ಕಡಿದಾದ ಕಾಲುದಾರಿ. ಕನ್ನಡಕ ಜೇಬಿಗೆ ಹಾಕಿಕೊಳ್ಳಿ, ಕೋತಿಗಳ ಕಣ್ಣು ಮೊದಲು ಅದರ ಮೇಲೆಯೇ.

ಚಿಲ್ಲರೆ ನೋಟು ಇಟ್ಟುಕೊಳ್ಳಿ. ಶಕ್ತಿ ಯೋಜನೆ ಅಲ್ಲಿ ನಡೆಯುವುದಿಲ್ಲ, ಹೆಣ್ಣುಮಕ್ಕಳೂ ಟಿಕೆಟ್ ತೆಗೆದುಕೊಳ್ಳಬೇಕು. ಕತ್ತಲಾದಂತೆ ಬಸ್ಸು ಕಡಿಮೆಯಾಗುತ್ತವೆ. ಹಿಮ ಬಿದ್ದ ಮರುದಿನ ಬೆಳಿಗ್ಗೆ ರಸ್ತೆಯ ಮೇಲೆ ಗಾಜಿನಂಥ ಮಂಜುಗಡ್ಡೆ ಕಟ್ಟಿರುತ್ತದೆ. ಆಗ ಢಲ್ಲಿಯಿಂದಾಚೆ ಬಸ್ಸು ನಿಲ್ಲಿಸಿಬಿಡುತ್ತಾರೆ, ಬಿಸಿಲೇರುವವರೆಗೆ ಕುಫ್ರಿ ಆಸೆ ಬಿಡಿ. ಮಳೆಗಾಲದಲ್ಲಿ ಗುಡ್ಡ ಕುಸಿಯುತ್ತದೆ. ಮರಳುವ ದಿನ, ಸೀಸನ್ನಿನಲ್ಲಾದರೆ, ಕಾರ್ಟ್ ರೋಡಿನ ಜಾಮ್‌ಗೆಂದೇ ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಂಡು ಟೂಟಿಕಂಡಿಗೆ ಹೊರಡಿ.