ಬೀಳ್ಲಿಕ್ಕೂ ಫೀಸ್ ಕೊಟ್ಟು ಕಲ್ತದ್ದು

ಮೊನ್ನೆ ಮಳೆ ಸ್ವಲ್ಪ ಬಿಟ್ಟಿತು ಅಂತ ಕಣಿಗೆ ಸೋಗೆ ಬಿದ್ದು ನೀರು ಕಟ್ಟಿದೆಯಾ ನೋಡ್ಲಿಕ್ಕೆ ಕೆಳಗಿನ ತೋಟಕ್ಕೆ ಹೊರಟವಳು ಮುರಕಲ್ಲಿನ ಮೆಟ್ಟಿಲಲ್ಲಿ ಜಾರಿ ದಡಕ್ಕಂತ ಬಿದ್ದೆ. ಜೂನ್ ತಿಂಗಳು, ಪಾಚಿ ಹಿಡಿದ ಮೆಟ್ಟಿಲು, ನಮ್ಮ ಕಾಸರಗೋಡಿನ ನೀರ್ಚಾಲು ಕಡೆ ಇದರಲ್ಲಿ ಹೊಸತು ಎಂತ ಇಲ್ಲ. ಆದ್ರೆ ಮೇಲಿಂದ ನೋಡ್ತಾ ಇದ್ದ ಅತ್ತೆಗೆ ಒಂದು ಸಂಶಯ ಬಂತು. "ಅಲ್ಲ, ಬೀಳುವಾಗ ಎಲ್ರೂ ಕೈ ಊರ್ತಾರೆ, ನೀನು ಮುಷ್ಟಿ ಎಂತಕ್ಕೆ ಹಿಡಿದದ್ದು?"

"ಬೆರಳು ಕಟ್ ಆಗ್ಬಾರದಲ್ಲ ಅತ್ತೆ" ಅಂದುಬಿಟ್ಟೆ. ತೋಟದಲ್ಲಿ ಬೆರಳು ಕಟ್ ಮಾಡುವವರು ಯಾರು ಅಂತ ಅವರು ಈಗ್ಲೂ ಯೋಚಿಸ್ತಾ ಇದ್ದಾರೆ.

ವಿಷಯ ಎಂತ ಅಂದ್ರೆ ಏಪ್ರಿಲ್-ಮೇ ರಜೆಯಲ್ಲಿ ಮಗಳನ್ನು ಕರ್ಕೊಂಡು ಇವರ ಹತ್ರ ದುಬೈಗೆ ಹೋಗಿದ್ದೆ, ಅಲ್ಲಿ ಇವಳನ್ನು ಐಸ್ ಸ್ಕೇಟಿಂಗ್ ಕ್ಲಾಸಿಗೆ ಸೇರಿಸಿದ್ದು, ಹೊರಗೆ ನಲ್ವತ್ತು ಡಿಗ್ರಿ ಬಿಸಿಲು, ಒಳಗೆ ಬೆಂಚಲ್ಲಿ ಕೂತ ಅಮ್ಮಂದಿರೆಲ್ಲ ಶಾಲು ಹೊದ್ದು ನಡುಗುವುದು. ಎರಡು ದಿನ ನಡುಗಿದೆ. ಆಚೆ ಅರ್ಧ ರಿಂಕಲ್ಲಿ, ಅಂದ್ರೆ ಸ್ಕೇಟಿಂಗಿನ ಮಂಜಿನ ಅಂಗಳದಲ್ಲಿ, ಅದೇ ಹೊತ್ತಿಗೆ ದೊಡ್ಡವರ ಬಿಗಿನರ್ ಕ್ಲಾಸ್ ನಡೀತಿತ್ತು. ಹೇಗೂ ಚಳಿ ತಿನ್ನುವುದೇ ಅಲ್ವಾ ಅಂತ ನಾನೂ ಹೆಸರು ಕೊಟ್ಟೆ. ನಲ್ವತ್ತನಾಲ್ಕು ವರ್ಷ, ಎಂಟು ಕ್ಲಾಸು. ಇವರು "ನಿನಗೆ ಮರುಳಾ?" ಅಂತ ಒಂದೇ ಸಲ ಕೇಳಿದ್ದು, ಆಮೇಲೆ ವಿಡಿಯೋ ಮಾಡ್ಲಿಕ್ಕೆ ಅವರೇ ಮುಂದೆ.

ನಾವು ಏಳು ಜನ. ಕಣ್ಣೂರಿನ ಒಬ್ಳು ನರ್ಸ್, ಅರುವತ್ತು ದಾಟಿದ ಒಬ್ರು ಪಂಜಾಬಿ ಅಂಕಲ್, ಉಳಿದವರು ಬೇರೆ ಬೇರೆ ದೇಶದವರು. ಕಲಿಸುವವಳು ಫಿಲಿಪೀನ್ಸಿನ ಸಣ್ಣ ಹುಡುಗಿ. ಮೊದಲನೇ ದಿನ ಪೂರ್ತಿ ಬೀಳುವ ಪಾಠ ಮಾರಾಯ್ರೇ. ಬೀಳ್ತೇನೆ ಅಂತ ಗೊತ್ತಾದ ಕೂಡ್ಲೇ ಮೊಣಕಾಲು ಮಡಚಿ ಕೆಳಗೆ ಬರ್ಬೇಕು, ಒಂದು ಬದಿಗೆ ಸೊಂಟದ ಮೇಲೆ ಬೀಳ್ಬೇಕು, ಹಿಂದಕ್ಕೆ ಅಲ್ಲ, ಕೈಬೆರಳು ಬಿಡಿಸಿ ಇಡ್ಬಾರದು ಯಾಕಂದ್ರೆ ಹಿಂದಿನಿಂದ ಬರುವವರ ಸ್ಕೇಟಿನ ಬ್ಲೇಡ್ ಅದರ ಮೇಲೆ ಹೋಗ್ಬಹುದು. ಏಳುವುದು ಇನ್ನೊಂದು ಕಸರತ್ತು: ಮೊದಲು ನಾಲ್ಕು ಕಾಲಲ್ಲಿ ಮಂಡಿ ಊರಿ, ಒಂದು ಸ್ಕೇಟ್ ಎದುರಿಟ್ಟು, ಎರಡೂ ಕೈ ಆ ಮೊಣಕಾಲಿನ ಮೇಲೆ ಕೊಟ್ಟು ಏಳುವುದು. ಪಂಜಾಬಿ ಅಂಕಲ್ ನನಗಿಂತ ಚಂದ ಬಿದ್ರು, ನಾನು ಒಂದೊಂದು ಸಲವೂ ನರ್ಸಿನ ಜಾಕೆಟ್ ಹಿಡ್ಕೊಂಡೇ ಬೀಳುವುದು. ಅವಳು "ಚೇಚೀ, ಎನ್ನೆ ಪಿಡಿಕ್ಕಲ್ಲೇ!" (ಅಕ್ಕಾ, ನನ್ನನ್ನು ಹಿಡೀಬೇಡಿ) ಅಂತ ಬೊಬ್ಬೆ. ಕಾಸರಗೋಡಿನವರಾದ್ದರಿಂದ ಅಷ್ಟು ಮಲಯಾಳ ಅರ್ಥ ಆಗ್ತದೆ, ಆದ್ರೆ ಕೈಗೆ ಅರ್ಥ ಆಗ್ಬೇಕಲ್ಲ.

ಎರಡನೇ ಕ್ಲಾಸಲ್ಲಿ ಇಪ್ಪತ್ತು ನಿಮಿಷಕ್ಕೆ ಅಂಗಾಲು ಜೋಮು ಹಿಡಿದು ನೋವು ಶುರು. ಶೂ ಸಣ್ಣದಾಯ್ತು ಅಂತ ದೊಡ್ಡ ಸೈಜ್ ಕೇಳಿದೆ, ಜೊತೆಗೆ ದಪ್ಪ ಉಣ್ಣೆಯ ಸಾಕ್ಸ್ ಬೇರೆ. ಆ ಹುಡುಗಿ ಎರಡಕ್ಕೂ ಬೇಡ ಅಂದ್ಲು, ಸ್ಕೇಟಿಂಗ್ ಬೂಟು ಟೈಟೇ ಇರ್ಬೇಕಂತೆ, ಸಾಕ್ಸ್ ತೆಳುವಾದಷ್ಟು ಒಳ್ಳೇದಂತೆ, ಇಲ್ಲದಿದ್ರೆ ಕಾಲು ಒಳಗೇ ಹೊರಳುವುದು. ಆಮೇಲೆ ಅವಳು ಕೇಳಿದ್ದು, ನೀವು ಬೂಟಿನ ಒಳಗೆ ಕಾಲಬೆರಳು ಮಡಚಿ ಹಿಡ್ಕೊಂಡಿದ್ದೀರಾ? ನೋಡಿದ್ರೆ ಹೌದು! ಹತ್ತೂ ಬೆರಳು ಉಗುರು ಊರಿ ಕೂತಿದ್ದಾವೆ. ಸಣ್ಣದ್ರಿಂದ ಸೊಪ್ಪಿನ ಕಟ್ಟ ಹೊತ್ಕೊಂಡು ಒದ್ದೆ ಸಂಕ (ಸಣ್ಣ ಕಾಲುಸೇತುವೆ) ದಾಟಿದ ಕಾಲು ಅದು, ಜಾರುವ ಕಡೆ ಬೆರಳಲ್ಲಿ ನೆಲ ಕಚ್ಬೇಕು ಅಂತ ಅದಕ್ಕೆ ಯಾರೂ ಹೇಳ್ಬೇಕಾಗಿಲ್ಲ. ಇಲ್ಲಿ ಅದನ್ನೇ ಬಿಡ್ಬೇಕು, ಬೆರಳು ಚಪ್ಪಟೆ ಬಿಟ್ಟು ಪಾದದ ನಡುವಲ್ಲಿ ಭಾರ ಕೊಟ್ಟು ಮೊಣಕಾಲು ಮಡಚಿ ನಿಂತ್ರೆ ತನ್ನಷ್ಟಕ್ಕೆ ಮುಂದೆ ಹೋಗ್ತದೆ. ಹೇಳ್ಲಿಕ್ಕೆ ಸುಲಭ, ನನ್ನ ಬೆರಳಿಗೆ ಅದು ತಲೆಗೆ ಹೋಗ್ಲಿಕ್ಕೆ ಮೂರು ವಾರ ಬೇಕಾಯ್ತು. ಮೊಣಕಾಲು ಮಡಚುವುದು ಮಾತ್ರ ನನಗೆ ಎಲ್ಲರಿಗಿಂತ ಬೇಗ ಬಂತು, ಅದೂ ಸಂಕದ ದಯೆಯೇ ಇರ್ಬೇಕು.

ಕಾಲೇಜಲ್ಲಿ ನಾವು ಕಲ್ತದ್ದು ಸ್ಕೇಟಿನ ಒತ್ತಡಕ್ಕೆ ಮಂಜು ಕರಗಿ ನೀರಾಗಿ ಜಾರ್ತದೆ ಅಂತ, ಪರೀಕ್ಷೆಯಲ್ಲಿ ಬರ್ದು ಮಾರ್ಕೂ ತಗೊಂಡಿದ್ದೆ. ಅದು ಸಾಲದು ಅಂತೆ, ಮನುಷ್ಯನ ಭಾರಕ್ಕೆ ಕರಗುವ ಉಷ್ಣತೆ ತುಂಬ ಸ್ವಲ್ಪ ಇಳೀತದೆ ಅಷ್ಟೇ. ಮಂಜಿನ ತೀರಾ ಮೇಲಿನ ಪದರ ಸೊನ್ನೆಗಿಂತ ಕೆಳಗೂ ಗಟ್ಟಿಯಾಗಿ ಕಟ್ಟಿಕೊಂಡಿರುವುದಿಲ್ಲ ಅಂತ 1850ರಲ್ಲೇ ವಿಜ್ಞಾನಿ ಫ್ಯಾರಡೆ ಸೂಚಿಸಿದ್ರು, ಅದರ ಮೇಲೆ ಬ್ಲೇಡ್ ಉಜ್ಜುವ ಬಿಸಿಯೂ ಸೇರ್ತದೆ. ರಿಂಕಿನ ಮಂಜು ಸಾಧಾರಣ ಮೈನಸ್ ಮೂರರಿಂದ ಆರು ಡಿಗ್ರಿ ಇರ್ತದೆ. ಅದಕ್ಕಿಂತ ತುಂಬ ತಣ್ಣಗಾದ್ರೆ ಜಾರುವುದೇ ಕಮ್ಮಿಯಂತೆ.

ನನಗೆ ಸ್ಕೇಟಿಂಗಿಗಿಂತ ಹೆಚ್ಚು ಖುಷಿ ಕೊಟ್ಟದ್ದು ನಡುವೆ ಮಂಜು ನುಣುಪು ಮಾಡ್ಲಿಕ್ಕೆ ಬರುವ ಆ ಮೆಷಿನ್. ಎಲ್ರನ್ನೂ ಹೊರಗೆ ಕಳ್ಸಿ ಒಬ್ಬ ಡ್ರೈವರ್ ಅದ್ರಲ್ಲಿ ಕೂತು ಸುತ್ತು ಸುತ್ತು ಬರ್ತಾನೆ, ಅಡಿಯಲ್ಲಿ ಗೀರಿದ ಮಂಜು ಕೆರೆದು ಒಳಗೆ ತಗೊಳ್ತದೆ, ಅದರ ಹಿಂದೆಯೇ ನೀರಲ್ಲಿ ಒದ್ದೆ ಬಟ್ಟೆ ಎಳ್ಕೊಂಡು ಹೋಗ್ತದೆ, ಒಂದು ಗೆರೆ ಬಿಡದ ಹಾಗೆ, ಥೇಟ್ ಅತ್ತೆ ಅಂಗಳಕ್ಕೆ ಸೆಗಣಿ ಸಾರಿಸುವ ಹಾಗೆ. ಹಾಕುವುದು ಬಿಸಿನೀರು! ಬಿಸಿನೀರಲ್ಲಿ ಗಾಳಿಗುಳ್ಳೆ ಕಮ್ಮಿ, ಮೇಲಿನ ಗೀರುಗಳನ್ನು ಸ್ವಲ್ಪ ಕರಗಿಸಿ ಸೇರಿಕೊಂಡು ಗಟ್ಟಿ ಕೂರ್ತದೆ. ಅಮೇರಿಕದಲ್ಲಿ ಸ್ವಂತ ರಿಂಕ್ ಇಟ್ಟುಕೊಂಡಿದ್ದ ಫ್ರ್ಯಾಂಕ್ ಜಾಂಬೋನಿ ಅನ್ನುವವರು 1949ರಲ್ಲಿ ಮಾಡಿದ ಮೆಷಿನ್ ಇದು, ಅದಕ್ಕೆ ಮೊದಲು ಮೂರ್ನಾಲ್ಕು ಜನ ಒಂದು ಗಂಟೆಗೂ ಹೆಚ್ಚು ಹೊತ್ತು ಕೆರೆದು ತೊಳೆದು ಮಾಡ್ಬೇಕಿತ್ತಂತೆ. ಅಂಗಳ ಮಾಡುವವರಿಗೆ ಆ ಕಷ್ಟ ಗೊತ್ತು.

ಕೊನೆಗೆ ಎಂತ ಬಂತು ಅಂದ್ರೆ, ಎರಡು ಕಾಲಲ್ಲಿ ಜಾರ್ಲಿಕ್ಕೆ ಬರ್ತದೆ, ಕಾಲು ಅಗಲಿಸಿ ಮತ್ತೆ ಸೇರಿಸಿ ಮೀನಿನ ಆಕಾರ ಗೀರುತ್ತಾ ಮುಂದೆ ಹೋಗುವ ಸ್ವಿಜಲ್ ಬರ್ತದೆ, ಹಿಮ್ಮಡಿ ಹೊರಗೆ ತಳ್ಳಿ ನಿಲ್ಲಿಸ್ಲಿಕ್ಕೆ ನಾಲ್ಕಕ್ಕೆ ಮೂರು ಸಲ ಬರ್ತದೆ, ನಾಲ್ಕನೇ ಸಲಕ್ಕೆ ಗೋಡೆ ಉಂಟು. ಒಂಟಿಕಾಲಲ್ಲಿ ಎರಡು ಎಣಿಸುವಷ್ಟು ಹೊತ್ತು. ಮಗಳು ಹಿಮ್ಮುಖವಾಗಿಯೂ ಜಾರ್ತಾಳೆ, ಅವಳ ಸುದ್ದಿ ಬೇಡ.

ಈಗ ಊರಲ್ಲಿ ಅಂಗಳ ತುಂಬ ಪಾಚಿ, ನಡೀಲಿಕ್ಕೆ ಮಡಲು ಹಾಸಿ ಆಗಿದೆ. ರಾತ್ರಿ ಕರೆಂಟ್ ಹೋಗಿ ಎಲ್ರೂ ಮಲಗಿದ ಮೇಲೆ ಸಾಕ್ಸ್ ಹಾಕಿ ಚಾವಡಿಯ ರೆಡ್ ಆಕ್ಸೈಡ್ ನೆಲದಲ್ಲಿ ಒಂಟಿಕಾಲಲ್ಲಿ ಜಾರಿ ನೋಡಿದೆ. ಒಂದು, ಎರಡು, ಮೂರು ಅಂತ ಆಗುವಷ್ಟರಲ್ಲಿ ಕಂಬಕ್ಕೆ ಭುಜ ತಾಗಿತು.

"ಎಂತ ಅದು ಶಬ್ದ?" ಒಳಗಿಂದ ಅತ್ತೆ.

"ಬೆಕ್ಕು ಅತ್ತೆ" ಅಂದೆ.