ಸಲೈನ್ ಹಾಕಿದ ಮೇಲೂ ಕೆಲಸ ಇದೆ

ನರ್ಸ್ ಅಂದ್ರೆ ಇಂಜೆಕ್ಷನ್ ಕೊಡೋರು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಅದು ನಮ್ಮ ದಿನದ ಒಂದು ಸಣ್ಣ ಭಾಗ ಅಷ್ಟೇ.

ಡ್ಯೂಟಿ ಶುರುವಾಗೋದು ಹ್ಯಾಂಡೋವರ್‌ನಿಂದ. ಹಿಂದಿನ ಶಿಫ್ಟ್‌ನವರ ಜೊತೆ ಒಂದೊಂದೇ ಬೆಡ್ ಹತ್ತಿರ ಹೋಗಿ, ಯಾರಿಗೆ ರಾತ್ರಿ ಜ್ವರ ಬಂತು, ಯಾರಿಗೆ ಆಪರೇಷನ್ ಇರೋದರಿಂದ ತಿನ್ನೋಕೆ, ಕುಡಿಯೋಕೆ ಏನೂ ಕೊಡಬಾರದು, ಯಾರಿಗೆ ಮೂತ್ರ ಕಡಿಮೆ ಆಗಿದೆ ಅಂತ ಎಲ್ಲ ಕೇಳಿ ಬರೆದುಕೊಳ್ಳಬೇಕು.

ಆಮೇಲೆ ಸಲೈನ್. 500 ಎಂಎಲ್ ಬಾಟಲಿ 4 ಗಂಟೆಯಲ್ಲಿ ಹೋಗಬೇಕು ಅಂದ್ರೆ, 1 ಎಂಎಲ್‌ಗೆ 20 ಹನಿ ಬೀಳುವ ಟ್ಯೂಬ್ ಸೆಟ್‌ನಲ್ಲಿ ನಿಮಿಷಕ್ಕೆ ಸುಮಾರು 42 ಹನಿ. ಗಡಿಯಾರ ನೋಡಿಕೊಂಡು ಹನಿ ಎಣಿಸುತ್ತೇವೆ. "ಸಿಸ್ಟರ್, ಸ್ವಲ್ಪ ಜೋರಾಗಿ ಬಿಡಿ, ಊರಿಗೆ ಬಸ್ ಹೋಗಿಬಿಡತ್ತೆ" ಅನ್ನೋರು ಇದ್ದೇ ಇರುತ್ತಾರೆ. ಕೆಲವರು ನಾವು ಆ ಕಡೆ ತಿರುಗಿದ ಕೂಡಲೇ ತಾವೇ ಜೋರು ಮಾಡುತ್ತಾರೆ! ಹೃದಯ ಅಥವಾ ಕಿಡ್ನಿ ಸರಿ ಇಲ್ಲದವರಿಗೆ ಹಾಗೆ ಮಾಡಿದರೆ ನೀರು ಶ್ವಾಸಕೋಶಕ್ಕೆ ತುಂಬಿ ಉಸಿರೇ ಕಟ್ಟಬಹುದು. ದಯವಿಟ್ಟು ಮುಟ್ಟಬೇಡಿ.

ರಕ್ತ ಕೊಡುವಾಗಂತೂ ಹೆಸರು, ಗ್ರೂಪ್, ಬ್ಯಾಗ್ ನಂಬರ್ ಎಲ್ಲ ಇಬ್ಬರು ಸೇರಿ ನೋಡುತ್ತೇವೆ. ಮೊದಲ 15 ನಿಮಿಷ ಅಲ್ಲೇ ನಿಂತಿರಬೇಕು, ಚಳಿ ಬಂತಾ, ಮೈ ಕೆರೆತ ಶುರುವಾಯ್ತಾ ಅಂತ. ಅಷ್ಟರಲ್ಲಿ ಪಕ್ಕದ ಬೆಡ್‌ನಿಂದ ನಾಲ್ಕು ಸಲ ಕೂಗುತ್ತಾರೆ. ನಾವು ಸುಮ್ನೆ ನಿಂತಿರೋ ಹಾಗೆ ಕಾಣುತ್ತೆ ಅಲ್ವಾ?

ಇನ್ನೊಂದು. ಹಳದಿ ಡಬ್ಬಿ ರಕ್ತ ಹತ್ತಿದ ಹತ್ತಿ, ಬ್ಯಾಂಡೇಜ್‌ಗೆ. ನಿಮ್ಮ ಟೀ ಕಪ್‌ಗೆ ಅಲ್ಲ.