ಆಫ್ ಅಂದರೆ ಬಂದ್ ಅಲ್ಲ

ಕಾಸರಗೋಡಿನ ಒಂದು ಕನ್ನಡ ಮಾಧ್ಯಮ ಶಾಲೆ, ಹತ್ತನೇ ಕ್ಲಾಸು. ನನ್ನ ಇಂಗ್ಲಿಷ್ ಪಾಠ: ಫ್ರೇಸಲ್ ವರ್ಬ್, ಅಂದರೆ ಕ್ರಿಯಾಪದಕ್ಕೆ ಆಫ್, ಅಪ್‌ನಂಥ ಪುಟ್ಟ ಪದ ಸೇರಿ ಹೊಸ ಅರ್ಥ ಕೊಡುವ ಜೋಡಿ. ಹಿಂದಿನ ಬೆಂಚಿನಲ್ಲಿ ಶಾಲೆಯ ಮುಖ್ಯಸ್ಥರಾದ ಎಚ್‌ಎಂ, ಕೈಯಲ್ಲಿ ಅಬ್ಸರ್ವೇಶನ್ ಫಾರ್ಮು. ಬೋರ್ಡಿನಲ್ಲಿ ಭಾರೀ ಧೈರ್ಯದಿಂದ ಬರೆದೆ: ‘ಆಫ್ = ನಿಲ್ಲುವುದು’. ಟರ್ನ್ ಆಫ್, ಸ್ವಿಚ್ ಆಫ್, ಕಾಲ್ ಆಫ್, ಎಲ್ಲವೂ ಹೊಂದಿತು. ಕಿಟಕಿ ಪಕ್ಕದಿಂದ ಪ್ರಶ್ನೆ ಬಂತು: “ಟೀಚರೆ, ‘ದಿ ಅಲಾರಂ ವೆಂಟ್ ಆಫ್’ ಅಂದ್ರೆ ಅಲಾರಂ ನಿಂತದ್ದಾ?”

ಅಲಾರಂ ಹೊಡೆದದ್ದು. ನಿಂತದ್ದು ನಾನು, ಡಸ್ಟರ್ ಹಿಡಿದುಕೊಂಡು. ಫ್ಯಾನಿನ ಸದ್ದು, ಎಚ್‌ಎಂ ಪೆನ್ನು ಗೀಚುವ ಸದ್ದು. ಅದೇ ಗೋ ಆಫ್‌ನಲ್ಲಿ ದೀಪ ಆರುತ್ತದೆ, ಪಟಾಕಿ ಸಿಡಿಯುತ್ತದೆ, ಹಾಲು ಕೆಡುತ್ತದೆ. ಯಾವ ಸಮ ಚಿಹ್ನೆ ಹಾಕುವುದು?

ಆಫ್‌ನ ಮೂಲ ಭಾವ ‘ಬಿಟ್ಟು ದೂರವಾಗುವುದು’. ವಿಮಾನ ಟೇಕ್ ಆಫ್ ಆದರೆ ನೆಲ ಬಿಟ್ಟಿತು. ಸೀ ಆಫ್ ಅಂದರೆ ಹೊರಟವರನ್ನು ಬೀಳ್ಕೊಡುವುದು. ನಿಲ್ಲುವುದು ಅದರ ಒಂದು ಕವಲು ಮಾತ್ರ. ಜೋಡಿಯಲ್ಲಿ ಪದದ ಅರ್ಥ ಬದಲಾಗುವುದು ಮಕ್ಕಳಿಗೆ ಹೊಸತೂ ಅಲ್ಲ, ಕನ್ನಡದಲ್ಲೂ ಇದೆ. ‘ಹೇಳಿಕೊಡು’ ಅಂದಾಗ ಕೈಗೆ ಏನನ್ನೂ ಕೊಡುವುದಿಲ್ಲ. ‘ತಿಂದುಬಿಟ್ಟ’ ಅಂದರೆ ತಟ್ಟೆಯಲ್ಲಿ ಏನೂ ಬಿಟ್ಟಿಲ್ಲ! ಪೂರ್ತಿ ಮುಗಿಯಿತು ಎಂದು ಹೇಳುವ ಈ ‘ಬಿಡು’ವಿನ ಕೆಲಸವನ್ನೇ ಈಟ್ ಅಪ್, ಡ್ರಿಂಕ್ ಅಪ್, ಯೂಸ್ ಅಪ್‌ಗಳಲ್ಲಿ ‘ಅಪ್’ ಮಾಡುತ್ತದೆ. ಎಲ್ಲ ಅಪ್‌ಗೂ ಹೊಂದದು; ಬ್ರಿಂಗ್ ಅಪ್ ಅಂದರೆ ಸಾಕಿ ಬೆಳೆಸುವುದು.

ಮಾರ್ಕು ಹೋಗುವುದು ಹೆಚ್ಚಾಗಿ ‘ಇಟ್’ ಇಡುವ ಜಾಗದಲ್ಲಿ. ‘ಟರ್ನ್ ಆಫ್ ದಿ ಫ್ಯಾನ್’, ‘ಟರ್ನ್ ದಿ ಫ್ಯಾನ್ ಆಫ್’ ಎರಡೂ ಸರಿ. ಸರ್ವನಾಮ ಬಂದರೆ ‘ಟರ್ನ್ ಇಟ್ ಆಫ್’ ಒಂದೇ. ‘ಟರ್ನ್ ಆಫ್ ಇಟ್’ ತಪ್ಪು. ಲುಕ್ ಆಫ್ಟರ್ ಆದರೋ ಬಿಡಿಸಲಾಗದ ಜೋಡಿ: ‘ಲುಕ್ ಆಫ್ಟರ್ ಹಿಮ್’. ಪುಟ್ ಅಪ್ ವಿತ್, ರನ್ ಔಟ್ ಆಫ್ ಮೂರೂ ಪದ ಅಂಟಿಕೊಂಡೇ ಇರುತ್ತವೆ.

ಹತ್ತಿರದ ಶಾಲೆಗಳ ಗುಂಪಾದ ಕ್ಲಸ್ಟರಿನಿಂದ ಬಂದ ಹ್ಯಾಂಡ್‌ಔಟಿನಲ್ಲಿ ಇದೊಂದೂ ಇಲ್ಲ. ಎರಡು ಕಾಲಂ, ಅರ್ಥದ ಕಾಲಂ ಮಲಯಾಳದಲ್ಲಿ, ವಾಕ್ಯ ಸೊನ್ನೆ. ಬಾಯಿಪಾಠ ಮಾಡಿದವರು ಪುಟ್ ಆಫ್, ಕಾಲ್ ಆಫ್ ಅದಲುಬದಲು ಮಾಡುತ್ತಾರೆ. ಪುಟ್ ಆಫ್ ಆದ ಪಿಟಿಎ ಮೀಟಿಂಗ್ ಇನ್ನೊಂದು ದಿನ ಇದ್ದೇ ಇದೆ. ಕಾಲ್ ಆಫ್ ಆದದ್ದು ರದ್ದು. ಮಳೆಗಾಲದಲ್ಲಿ ಈ ಜೋಡಿಯನ್ನು ಮೊದಲು ಕಲಿಸಬೇಕು.

ಎಚ್‌ಎಂ ಫಾರ್ಮಿನಲ್ಲಿ ಬರೆದದ್ದು: ‘ಬೋರ್ಡ್ ಬಳಕೆ ಉತ್ತಮ’. ಆ ಸಮ ಚಿಹ್ನೆಯ ಸಾಲು ಬೆಲ್ಲಾಗುವವರೆಗೂ ಅಲ್ಲೇ ಇತ್ತು.